ಕಣ, ರಾಶಿ, ತೊಗರಿ

ನಮ್ಮ ಕಡೆ ರಾಶಿ ಅಂದರೆ ಒಕ್ಕಣೆ. "ತೊಗರಿ ರಾಶಿ ಆಯ್ತೇನ್ರಿ?" ಅಂತ ಯಾರಾದರೂ ಕೇಳಿದರೆ, ಬಡಿದು, ತೂರಿ, ಕಾಳು ಚೀಲಕ್ಕೆ ತುಂಬಿದ್ದು ಮುಗೀತಾ ಅಂತ ಅರ್ಥ. ಕಣ ಅಂದರೆ ಆ ರಾಶಿ ಮಾಡುವ ಜಾಗ. ಹಾಗಾಗಿ ಹೈಸ್ಕೂಲಿನಲ್ಲಿ ದ್ರವ್ಯ ಕಣಗಳಿಂದ ಆಗಿರುತ್ತದೆ, ಅದಕ್ಕೆ ರಾಶಿ ಇರುತ್ತದೆ ಅಂತ ಓದಿದಾಗ ನನಗೆ ಏನೂ ವಿಚಿತ್ರ ಅನಿಸಲಿಲ್ಲ. ದ್ರವ್ಯ ಅಂದರೆ ದುಡ್ಡು ಅಂತ ಅಜ್ಜಿ ಹೇಳುತ್ತಿದ್ದಳು. ಕಣ ಇದ್ದಲ್ಲಿ ರಾಶಿ, ರಾಶಿ ಇದ್ದಲ್ಲಿ ದುಡ್ಡು. ಎಲ್ಲ ಸರಿಯಾಗೇ ಇದೆ ಅಲ್ವಾ?

ಪಿಯುಸಿಗೆ ಬಂದ ಮೇಲೆ ಗೊತ್ತಾಯಿತು, ಯಾವುದೂ ಸರಿ ಇಲ್ಲ ಅಂತ. ಅಲ್ಲಿ ದ್ರವ್ಯ ಅಂದರೆ ಮ್ಯಾಟರ್, ಯಾವುದೇ ವಸ್ತು. ಕಣ ಅಂದರೆ ಅದರ ಪುಟ್ಟ ಚೂರು. ರಾಶಿ ಅಂದರೆ ಮಾಸ್, ನಾವು ತಕ್ಕಡಿಯಲ್ಲಿ ತೂಗೋದು. ಹತ್ತನೇ ತನಕ ಕನ್ನಡ ಮೀಡಿಯಂ, ಆಮೇಲೆ ಒಮ್ಮೆಲೇ ಇಂಗ್ಲಿಷ್. ಕೆಮಿಸ್ಟ್ರಿಯ ಮೊದಲ ಪಾಠದಲ್ಲೇ ಮೋಲ್ ಅನ್ನೋದು ಬಂತು, ಪರಮಾಣು, ಅಣುಗಳನ್ನು ಎಣಿಸುವ ಲೆಕ್ಕ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದು ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜಿನಲ್ಲಿದ್ದ ಅಪ್ಪನ ಅಡತಿ (ಕಮಿಷನ್) ಅಂಗಡಿಗೆ ಬಂದು ಕೂತೆ. ಇವತ್ತಿಗೂ ಅಲ್ಲೇ ಇದ್ದೀನಿ. ತೊಗರಿ ತೂಗೋದು, ಲೆಕ್ಕ ಬರೆಯೋದು.

ಈಗ ಮಗಳು ಫಸ್ಟ್ ಪಿಯುಸಿ. ಜೂನ್ ತಿಂಗಳು, ಮಳೆ ಇನ್ನೂ ಹಿಡಿದಿಲ್ಲ, ಮನೆ ಒಲೆ ಹಾಗೆ ಕಾದಿದೆ. ಒಂದು ರಾತ್ರಿ ಊಟ ಆದ ಮೇಲೆ ಪುಸ್ತಕ ತಂದು ಮುಂದೆ ಇಟ್ಟಳು. "ಪಪ್ಪಾ, ಈ ಮೋಲ್ ತಿಳೀವಲ್ದು ನೋಡು." ಅದೇ ಪಾಠ. ನನ್ನನ್ನು ಕೆಡವಿದ ಅದೇ ಪಾಠ.

ಡಜನ್ ಬಾಳೆಹಣ್ಣಿನ ಉದಾಹರಣೆಯನ್ನು ಎಲ್ಲ ಮೇಷ್ಟ್ರೂ ಕೊಡುತ್ತಾರೆ. ಡಜನ್ ಅಂದರೆ 12, ಮೋಲ್ ಅಂದರೆ 6.022 × 10²³. ನನಗೆ ಆ ಉದಾಹರಣೆ ಯಾವತ್ತೂ ಹತ್ತಲಿಲ್ಲ. ಬಾಳೆಹಣ್ಣನ್ನು ಕೈಯಲ್ಲಿ ಮುಟ್ಟಿ ಎಣಿಸಬಹುದು. ಎಣಿಸೋಕೆ ಆಗದೇ ಇರೋದನ್ನ ಎಣಿಸಿದೆ ಅಂತ ಹೇಗೆ ಹೇಳುತ್ತಾರೆ? ಪ್ರಶ್ನೆ ಇರೋದು ಅಲ್ಲಿ. ಅದಕ್ಕೆ ಉತ್ತರ ನನ್ನ ಅಂಗಡಿಯಲ್ಲೇ ಇತ್ತು ಅಂತ ತಿಳಿಯೋಕೆ ಇಷ್ಟು ವರ್ಷ ಬೇಕಾಯಿತು.

"ಅಡಿಗಿ ಮನ್ಯಾಗಿನ ತೊಗರಿ ಡಬ್ಬಿ ತಗೊಂಡ್ ಬಾ," ಅಂದೆ. ಬೇಳೆ ಅಲ್ಲ, ಇಡೀ ಕಾಳು. ಜೊತೆಗೆ ಹೆಂಡತಿ ಕೇಕ್ ಮಾಡೋಕೆ ಅಂತ ತರಿಸಿ, ಎರಡು ಸಲ ಕೇಕ್ ಮಾಡಿ ಬಿಟ್ಟಿದ್ದ ಪುಟ್ಟ ಡಿಜಿಟಲ್ ತಕ್ಕಡಿ.

ಮಗಳು ನೆಲದ ಮೇಲೆ ಕೂತು 100 ಕಾಳು ಎಣಿಸಿದಳು. ಹತ್ತು ಹತ್ತರ ಗುಂಪು ಮಾಡಿ. ತಕ್ಕಡಿಗೆ ಹಾಕಿದರೆ 10 ಅಂತ ತೋರಿಸಿತು. ಒಂದು ಕ್ಷಣ ಬಿಟ್ಟು 11. ಮತ್ತೆ 10. ಮೇಲೆ ಫ್ಯಾನ್ ತಿರುಗುತ್ತಿತ್ತು, ಆ ಗಾಳಿಗೇ ತಕ್ಕಡಿ ಅಲ್ಲಾಡುತ್ತಿತ್ತು. ಫ್ಯಾನ್ ಬಂದ್ ಮಾಡಿದೆವು. ಬೆವರು ಸುರಿಸಿಕೊಂಡು ಕೂತರೆ ಈಗ 10 ಅಂತ ಗಟ್ಟಿಯಾಗಿ ನಿಂತಿತು. ಆದರೆ ಅದು ನಿಜವಾಗಿ 9.6 ಇರಬಹುದು, 10.4 ಇರಬಹುದು. ಆ ತಕ್ಕಡಿಗೆ ಒಂದು ಗ್ರಾಮಿಗಿಂತ ಕೆಳಗೆ ಕಣ್ಣು ಕಾಣಿಸೋದಿಲ್ಲ. "ಹಂಗಾರ ಇನ್ನೂ ಎಣಸ್ಬೇಕಾ?" ಅಂತ ಮಗಳು ಮುಖ ಸಿಂಡರಿಸಿದಳು. ಇನ್ನೂ 900 ಎಣಿಸಿದಳು, ಪಾಪ. ನಾನೂ ಕೈಹಾಕಿದೆ. 1000 ಕಾಳಿಗೆ 104 ಗ್ರಾಂ ಬಂತು. ಈಗ ಧೈರ್ಯವಾಗಿ ಹೇಳಬಹುದು, ಒಂದು ಕಾಳು 0.104 ಗ್ರಾಂ. 100 ಕಾಳಿನ ತೂಕದಿಂದ ಇಷ್ಟು ಹೇಳೋಕೆ ಬರುತ್ತಿರಲಿಲ್ಲ. ಸಾರ್ಥಕ ಅಂಕಿ ಅಂತ ಪುಸ್ತಕದಲ್ಲಿ ಅರ್ಧ ಪುಟ ಇದೆಯಲ್ಲ, ಅಷ್ಟೇ ಅದು. ತಕ್ಕಡಿಗೆ ಗೊತ್ತಿಲ್ಲದ್ದನ್ನು ಕ್ಯಾಲ್ಕುಲೇಟರ್ ಹೇಳಿದರೆ ನಂಬಬೇಡ ಅಂತ.

ಆಮೇಲೆ ಅವಳನ್ನು ಕೇಳಿದೆ. "ನಮ್ಮ ಅಂಗಡ್ಯಾಗ ಕ್ವಿಂಟಲ್ ತೊಗರಿ ಒಂದ್ ಚೀಲದಾಗ ಎಷ್ಟು ಕಾಳು ಅದಾವ?" ಮಗಳು ಪೆನ್ಸಿಲ್ ಹಿಡಿದಳು. 100 ಕಿಲೋ ಅಂದರೆ 1,00,000 ಗ್ರಾಂ. 0.104ರಿಂದ ಭಾಗಿಸಿದರೆ ಸುಮಾರು 9,60,000. ಒಂದು ಚೀಲದಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಕಾಳು! ಯಾರೂ ಎಣಿಸಿಲ್ಲ. ತೂಗಿ ಎಣಿಸಿದೆವು. ಮೋಲ್ ಅನ್ನೋದು ಇದೇ ಕೆಲಸ.

ಇನ್ನೊಂದು ಹೆಜ್ಜೆ ಇದೆ, ಅದು ಜಾಸ್ತಿ ಚೆಂದ. ಬಿಳಿ ಜೋಳದ 100 ಕಾಳು ಸುಮಾರು 3 ಗ್ರಾಂ ತೂಗುತ್ತವೆ. ತೊಗರಿಯ 100 ಕಾಳು ಸುಮಾರು 10. ನಾನು 3 ಕಿಲೋ ಜೋಳ, 10 ಕಿಲೋ ತೊಗರಿ ತಂದು ಪಕ್ಕಪಕ್ಕ ಇಟ್ಟರೆ ಎರಡರಲ್ಲೂ ಕಾಳು ಅಷ್ಟಷ್ಟೇ, ಒಂದೊಂದು ಲಕ್ಷ. ಲಕ್ಷ ಅನ್ನೋದು ನನಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. 'ಎರಡೂ ಸಮ' ಅನ್ನೋದು ಮಾತ್ರ ಗ್ಯಾರಂಟಿ. 65.38 ಗ್ರಾಂ ಸತು, 63.55 ಗ್ರಾಂ ತಾಮ್ರ, 107.87 ಗ್ರಾಂ ಬೆಳ್ಳಿ ಇಟ್ಟರೂ ಹಾಗೇ. ಅವುಗಳ ಒಂದೊಂದು ಪರಮಾಣುವಿನ ತೂಕ ಇದೇ ಪ್ರಮಾಣದಲ್ಲಿ ಇರುತ್ತದೆ, ಹಾಗಾಗಿ ಮೂರರಲ್ಲೂ ಪರಮಾಣುಗಳ ಸಂಖ್ಯೆ ಒಂದೇ. ಆ ಸಂಖ್ಯೆ ಎಷ್ಟು ಅಂತ ತಿಳಿಯುವ ಎಷ್ಟೋ ಮೊದಲೇ ಕೆಮಿಸ್ಟ್ರಿಯವರು ಹೀಗೆ ತೂಗಿ ತೂಗಿ ವ್ಯವಹಾರ ನಡೆಸಿದ್ದರು.

ಅದರಲ್ಲಿ ಎಡವಟ್ಟೂ ಆಗಿತ್ತು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ಹೈಡ್ರೋಜನ್ನಿಗೆ 1 ಅಂತ ಇಟ್ಟುಕೊಂಡು ಉಳಿದವುಗಳ ತೂಕ ಹೇಳೋಕೆ ಹೊರಟ. 1808ರ ಅವನ ಪುಸ್ತಕದಲ್ಲಿ ಆಕ್ಸಿಜನ್ ತೂಕ 7. ನಮಗೆ ಗೊತ್ತಿರೋದು 16. ಅವನ ತಕ್ಕಡಿ ಅಷ್ಟೇನೂ ಕೆಟ್ಟದ್ದಲ್ಲ. ನೀರಿನಲ್ಲಿ ಹೈಡ್ರೋಜನ್ನಿಗಿಂತ ಆಕ್ಸಿಜನ್ ಸುಮಾರು ಎಂಟು ಪಟ್ಟು ತೂಗುತ್ತದೆ, ಅವನಿಗೆ ಅದರ ಹತ್ತಿರದ ಅಂಕಿಯೇ ಸಿಕ್ಕಿತ್ತು. ಆದರೆ ನೀರು ಅಂದರೆ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಅಂತ ಅವನು ತಿಳಿದಿದ್ದ. ಎರಡು ಹೈಡ್ರೋಜನ್ ಅಂತ ಗೊತ್ತಿರಲಿಲ್ಲ. ತೂಕ ಹೆಚ್ಚುಕಮ್ಮಿ ಸರಿ, ಲೆಕ್ಕ ತಪ್ಪು. ಈ ಮಾತನ್ನ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಮೋಲ್ ಎಷ್ಟು ದೊಡ್ಡದು ಅಂತ ತೋರಿಸೋಕೆ ನಾವಿಬ್ಬರೂ ಒಂದು ಹುಚ್ಚು ಲೆಕ್ಕ ಮಾಡಿದೆವು. ಒಂದು ಮೋಲ್ ತೊಗರಿ ಕಾಳು ಬೇಕು. ದೇಶದಲ್ಲಿ ವರ್ಷಕ್ಕೆ 40 ಲಕ್ಷ ಟನ್ ತೊಗರಿ ಬೆಳೆಯುತ್ತದೆ ಅಂತ ಹಿಡಿಯೋಣ, ಕೈ ಸ್ವಲ್ಪ ಧಾರಾಳ ಮಾಡಿ. ಒಂದು ಕಾಳನ್ನೂ ತಿನ್ನದೆ ಕೂಡಿಟ್ಟರೆ ಒಂದು ಮೋಲ್ ಆಗೋಕೆ 1500 ಕೋಟಿ ವರ್ಷಕ್ಕೂ ಜಾಸ್ತಿ ಬೇಕು. ಬ್ರಹ್ಮಾಂಡದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಅದೇ ಒಂದು ಮೋಲ್ ನೀರು ಅಂದರೆ 18 ಗ್ರಾಂ. ಒಂದು ಗುಟುಕು. ಮಗಳು ಪಕ್ಕದಲ್ಲಿದ್ದ ಲೋಟ ಎತ್ತಿ ಒಂದು ಗುಟುಕು ಕುಡಿದು, "ಒಂದ್ ಮೋಲ್ ಹೋತು," ಅಂದಳು.

ಅವ್ವ ಒಳಗಿನಿಂದ ನೋಡುತ್ತಿದ್ದಳು. ಅವಳಿಗೆ ತಕ್ಕಡಿ ಮೇಲೆ ಎಂದೂ ನಂಬಿಕೆ ಇಲ್ಲ. ನಮ್ಮ ಮನೆಯಲ್ಲಿ ಅವ್ವ ಅಳೆಯುವವಳು, ಅಪ್ಪ ತೂಗುವವರು. ಅವಳ ಹತ್ತಿರ ಹಿತ್ತಾಳೆಯ ಸೇರು ಇದೆ. ಜೋಳವೂ ಅದರಲ್ಲೇ, ಚುರುಮುರಿಯೂ ಅದರಲ್ಲೇ. ಒಂದು ಲೀಟರ್ ಪಾತ್ರೆಯಲ್ಲಿ ತೊಗರಿ ಮುಕ್ಕಾಲು ಕಿಲೋ ಮೇಲೆ ಕೂರುತ್ತದೆ, ಚುರುಮುರಿ 100 ಗ್ರಾಂ ಆಸುಪಾಸು. ಸಾಂದ್ರತೆ ಅಂತ ಪುಸ್ತಕ ಹೇಳೋದು ಅವರಿಬ್ಬರ ಜಗಳವನ್ನೇ. ಮದುವೆ ಬಂಗಾರದ ವಿಷಯದಲ್ಲೂ ಜಗಳ ಇದೆ. ಅವ್ವನ ತೊಲ ಹಳೆಯದು, 11.66 ಗ್ರಾಂ, 96 ಗುಲಗಂಜಿ ತೂಕ. ಈಗ ಅಂಗಡಿಯವರು 10 ಗ್ರಾಮಿಗೇ ತೊಲ ಅನ್ನುತ್ತಾರೆ. ಹೆಸರು ಒಂದೇ, ಅಳತೆ ಬೇರೆ. "ಮೋಸ ಅದು," ಅಂತಾಳೆ ಅವ್ವ. ಒಂದು ರೀತಿಯಲ್ಲಿ ಅವಳು ಹೇಳೋದೂ ಸರಿ.

ನಮ್ಮ ಅಂಗಡಿಯ ಕಾಂಟಾಕ್ಕೆ, ಅಂದರೆ ಚೀಲ ತೂಗುವ ತಕ್ಕಡಿಗೆ, ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಬೇಕು. ಇನ್ಸ್‌ಪೆಕ್ಟರ್ ತನ್ನ ಕಲ್ಲು ತಂದು ಇಟ್ಟು ನೋಡುತ್ತಾರೆ. ಚಿಕ್ಕವನಿದ್ದಾಗ ನನಗೆ ಒಂದೇ ಯೋಚನೆ, ಅವರ ಕಲ್ಲು ಸರಿ ಇದೆ ಅಂತ ಯಾರು ನೋಡುತ್ತಾರೆ? ಅದನ್ನು ನೋಡೋಕೆ ಇನ್ನೊಂದು ಕಲ್ಲು, ಅದಕ್ಕೆ ಮತ್ತೊಂದು. ಹೀಗೆ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಮುಟ್ಟುತ್ತದೆ. ಅಲ್ಲಿ ಪ್ಲಾಟಿನಂ-ಇರಿಡಿಯಂನ ಒಂದು ಉರುಟು ತುಂಡು ಇದೆ, ನಂಬರ್ 57. ಅದರ ಹಿರಿಯಣ್ಣ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ. 1889ರಿಂದ ಅದೇ ಕಿಲೋಗ್ರಾಂ. ಆದರೆ ನೂರು ವರ್ಷದಲ್ಲಿ ಅಣ್ಣನಿಗೂ ತಮ್ಮಂದಿರಿಗೂ ಸುಮಾರು 50 ಮೈಕ್ರೋಗ್ರಾಂ ಫರಕು ಬಂತು. ಯಾರು ಕರಗಿದರು, ಯಾರು ದಪ್ಪ ಆದರು ಹೇಳೋಕೆ ಆಗಲಿಲ್ಲ. ಯಾಕಂದರೆ ಅಣ್ಣನೇ ಅಳತೆ, ಅವನು ತಪ್ಪೋಕೆ ಸಾಧ್ಯವೇ ಇಲ್ಲ! ಕೊನೆಗೆ 2019ರ ಮೇ 20ರಿಂದ ಲೋಹದ ತುಂಡನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕ ಅನ್ನುವ, ಎಂದೂ ಬದಲಾಗದ ಭೌತಶಾಸ್ತ್ರದ ಒಂದು ಅಂಕಿಯ ಮೇಲೆ ಕಿಲೋ ನಿಂತಿತು. ಅದೇ ದಿನ ಮೋಲನ್ನೂ ಗಟ್ಟಿ ಮಾಡಿದರು. 6.02214076 × 10²³, ಅಷ್ಟೇ, ಹೆಚ್ಚಿಲ್ಲ ಕಮ್ಮಿಯಿಲ್ಲ. ಮನೆಯ ಯಜಮಾನನ ಮಾತಿಗಿಂತ ಕಾಗದದ ಮೇಲಿನ ಅಂಕಿ ವಾಸಿ ಅಂತ ಅವರಿಗೂ ಅನಿಸಿರಬೇಕು.

ಮುಂದಿನ ಭಾನುವಾರ ಬೀದರಿಗೆ ಹೋಗೋದಿತ್ತು, ಸಂಬಂಧಿಕರ ಮನೆಯಲ್ಲಿ ತೊಟ್ಟಿಲ ಕಾರ್ಯ. 2017ರಲ್ಲಿ ಶುರುವಾದ ರೈಲು ಲೈನ್ ಇದೆಯಲ್ಲ, ಅದರಲ್ಲೇ. ಕಾರ್ಯ ಮುಗಿಸಿ ಮಗಳನ್ನು ಚೌಬಾರಾ ಕಡೆ ಒಂದು ಬಿದ್ರಿ ಕೆಲಸದ ಅಂಗಡಿಗೆ ಕರೆದುಕೊಂಡು ಹೋದೆ. ಬಿದ್ರಿ ಹೂಜಿ ಎತ್ತಿ ನೋಡಿದವರಿಗೆ ಗೊತ್ತು, ಕಣ್ಣಿಗೆ ಕಾಣೋದಕ್ಕಿಂತ ಕೈಗೆ ಭಾರ. ಸತು ಜಾಸ್ತಿ, ತಾಮ್ರ ಕಮ್ಮಿ. ಸಾಮಾನ್ಯವಾಗಿ 16 ಪಾಲಿಗೆ 1 ಪಾಲು ಅಂತಾರೆ.

ಅಲ್ಲಿನ ಚಾಚಾ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರಿನಲ್ಲಿ ಬಟ್ಟೆ ಅದ್ದಿ ಬೂದು ಬಣ್ಣದ ತಟ್ಟೆಗೆ ಒರೆಸಿದರು. ನಾವು ನೋಡನೋಡುತ್ತಾ ತಟ್ಟೆ ಕಪ್ಪಗಾಯಿತು. ಚಾಣದ ಗೆರೆ ಎದ್ದು ಕಾಣಲಿ ಅಂತ ಇದು, ಕೊನೆಯ ಕಪ್ಪಲ್ಲ. ನೀರಿನಲ್ಲಿದ್ದ ತಾಮ್ರ ಹೊರಗೆ ಬಂದು ಸತುವಿನ ಮೈಮೇಲೆ ಕೂತಿದೆ, ಅದರ ಬದಲು ಸತು ನೀರಿಗೆ ಇಳಿದಿದೆ. ಸ್ಥಾನಪಲ್ಲಟ ಕ್ರಿಯೆ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು! ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಬಡಿದು, ಉಜ್ಜಿ, ಕೊನೆಗೆ ಕೋಟೆಯ ಮಣ್ಣು. ಚಾಚಾ ಒಂದು ಚಿಟಿಕೆ ಮಣ್ಣು ನಾಲಿಗೆ ಮೇಲೆ ಇಟ್ಟುಕೊಂಡು ನೋಡಿದರು. ರುಚಿ ನೋಡಿಯೇ ಗೊತ್ತಾಗುತ್ತದಂತೆ ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಅಂತ. ಅದಕ್ಕೆ ನವಸಾಗರ ಸೇರಿಸಿ, ನೀರಿಗೆ ಕಲಸಿ, ಕಾಯಿಸಿದ ತಟ್ಟೆಗೆ ಹಚ್ಚಿದರೆ ಮೈಯೆಲ್ಲ ಕಾಡಿಗೆ ಕಪ್ಪು. ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ. ಸತುವಿಗೆ ಎಲೆಕ್ಟ್ರಾನ್ ಬಿಟ್ಟುಕೊಡುವ ಚಾಳಿ, ಬೆಳ್ಳಿಗೆ ಅಷ್ಟು ಸುಲಭವಾಗಿ ಬಿಡುವ ಮನಸ್ಸಿಲ್ಲ. ಇಡೀ ಬಿದ್ರಿ ಕಲೆ ನಿಂತಿರೋದು ಈ ಎರಡು ಸ್ವಭಾವಗಳ ನಡುವೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಗಂಜಿನಲ್ಲೂ ಎಲ್ಲರ ಬಾಯಲ್ಲಿ ಅದೇ ಮಾತಿತ್ತು.

ಮಗಳು ರೈಲಿನಲ್ಲಿ ಕೂತು ಲೆಕ್ಕ ಶುರು ಮಾಡಿದಳು. ತೂಕದಲ್ಲಿ 16ಕ್ಕೆ 1. ಹಾಗಾದರೆ ಪರಮಾಣು ಲೆಕ್ಕದಲ್ಲಿ? 16ನ್ನು 65.38ರಿಂದ, 1ನ್ನು 63.55ರಿಂದ ಭಾಗಿಸಿದಳು. ಒಂದು ತಾಮ್ರಕ್ಕೆ ಹದಿನೈದೂವರೆ ಸತು. ಹುಮ್ನಾಬಾದ್ ಬರುವಷ್ಟರಲ್ಲಿ ಅವಳಿಗೆ ಇನ್ನೊಂದು ತಕರಾರು. "ಬೆಳ್ಳಿ 107.87 ಅಂದ್ರ 108 ತೂಕದ್ದು ಜಾಸ್ತಿ ಇರ್ತಾವೇನು?" ಇಲ್ಲ. ನಿಸರ್ಗದಲ್ಲಿ ಸಿಗುವ ಬೆಳ್ಳಿಯಲ್ಲಿ 108ರ ಪರಮಾಣು ಒಂದೂ ಇಲ್ಲ. ಸುಮಾರು ಅರ್ಧಕ್ಕಿಂತ ಚೂರು ಜಾಸ್ತಿ 107ರದ್ದು, ಉಳಿದದ್ದು 109ರದ್ದು. ಗಂಜಿಗೆ ಬರುವ ಮಿಕ್ಸ್ ಮಾಲಿನ ಹಾಗೆ. ದಪ್ಪ ಕಾಳು, ಸಣ್ಣ ಕಾಳು ಕೂಡಿದ ಚೀಲದ ಸರಾಸರಿ ತೆಗೆದರೆ, ಆ ಸರಾಸರಿ ತೂಗುವ ಕಾಳು ಚೀಲದಲ್ಲಿ ಒಂದೂ ಇರದೆ ಹೋಗಬಹುದು.

ಈಗ ನಾನು ನಿಜವಾಗಿ ಹೇಳಬೇಕಿದ್ದ ವಿಷಯ.

1997. ನಾನು ಅಂಗಡಿಗೆ ಬಂದ ಮೊದಲ ವರ್ಷ. ಜನವರಿಯಲ್ಲಿ ಹೊಸ ತೊಗರಿ ಬಂದಾಗ ಅಪ್ಪ 40 ಕ್ವಿಂಟಲ್ ಕೊಂಡು ಗೋದಾಮಿನಲ್ಲಿ ಇಟ್ಟರು, ರೇಟು ಏರಲಿ ಅಂತ. ಮೇ ತಿಂಗಳ ಕೊನೆಗೆ ತೆಗೆದು ತೂಗಿದೆವು. ಪಟ್ಟಿ ಬರೆದವನು ನಾನೇ. 1 ಕ್ವಿಂಟಲ್ 21 ಕಿಲೋ ಕಮ್ಮಿ ಬಂತು. ಕಾಂಟಾ ಎರಡು ಸಲ ನೋಡಿದೆವು. ಸರಿಯಾಗೇ ಇತ್ತು.

ಗೋದಾಮಿನ ಬೀಗದ ಕೈ ಒಬ್ಬ ಹಮಾಲರ ಹತ್ತಿರ ಇರುತ್ತಿತ್ತು. ನಾನು ಅವರನ್ನ ಕಾಕಾ ಅಂತಿದ್ದೆ. ನಾನು ಹುಟ್ಟುವ ಮೊದಲಿನಿಂದ ನಮ್ಮಲ್ಲಿದ್ದವರು. ಅಪ್ಪ ಎಲ್ಲರ ಮುಂದೆ ಕೇಳಿದರು. "ನಾ ಒಂದ್ ಕಾಳ್ ಮುಟ್ಟಿಲ್ರೀ ಸಾವ್ಕಾರ್ರ," ಅಂದರು ಕಾಕಾ. ಎರಡನೇ ಸಲ ಏನೂ ಹೇಳಲಿಲ್ಲ. ಅವರ ಹಮಾಲಿಯಲ್ಲಿ 800 ರೂಪಾಯಿ ಹಿಡಿದುಕೊಂಡೆವು. ಕಿರ್ದಿಯಲ್ಲಿ ಅದನ್ನೂ ನಾನೇ ಬರೆದೆ. ಮಳೆಗಾಲ ಶುರುವಾಗುವ ಮೊದಲು ಕಾಕಾ ಬೇರೆ ಅಂಗಡಿಗೆ ಹೋದರು.

ಬೀದರಿನಿಂದ ಬಂದ ಮೇಲೆ ಒಂದು ಶನಿವಾರ ರಾತ್ರಿ ಮಗಳು ಇನ್ನೊಂದು ಲೆಕ್ಕ ಮಾಡುತ್ತಿದ್ದಳು. ರಾಶಿಯ ಸಂರಕ್ಷಣೆ. ಫ್ರಾನ್ಸಿನ ವಿಜ್ಞಾನಿ ಲಾವೊಸಿಯೆ 1789ರಲ್ಲಿ ಹೇಳಿದ್ದು, ಏನೂ ಮಾಯವಾಗೋದಿಲ್ಲ, ಬೇರೆ ಎಲ್ಲಿಗೋ ಹೋಗಿರುತ್ತದೆ. ಸುಮ್ನೆ ಕೂತು ಕೇಳುತ್ತಿದ್ದವನಿಗೆ ತಟ್ಟನೆ ಆ ಗೋದಾಮು ನೆನಪಾಯಿತು. ಈಗ ನಮ್ಮಲ್ಲಿ ತೇವಾಂಶ ನೋಡುವ ಮಿಷನ್ ಇದೆ. ಸರ್ಕಾರಿ ಖರೀದಿಗೆ ತೊಗರಿ 12 ಪರ್ಸೆಂಟ್ ಒಳಗೆ ಇರಬೇಕು. ಹೊಸ ಮಾಲು ಎಷ್ಟೋ ಸಲ 13 ತೋರಿಸುತ್ತದೆ. ಆಗ ಮಿಷನ್ ಇರಲಿಲ್ಲ. ಹಲ್ಲಿಗೆ ಹಾಕಿ ಕಟ್ ಅಂದರೆ ಒಣಗಿದೆ ಅಂತ ಲೆಕ್ಕ.

ಒಂದು ಹಾಳೆ ತೆಗೆದುಕೊಂಡೆ. 100 ಕಿಲೋ ತೊಗರಿಯಲ್ಲಿ 13 ಕಿಲೋ ನೀರು ಇದ್ದರೆ ಉಳಿದದ್ದು 87 ಕಿಲೋ. ಈ 87 ಎಲ್ಲಿಗೂ ಹೋಗೋದಿಲ್ಲ. ನಮ್ಮೂರ ಬೇಸಿಗೆ, ಹೊರಗೆ 43–44 ಡಿಗ್ರಿ, ಮೇಲೆ ತಗಡಿನ ಶೀಟು. ತೇವ 10 ಪರ್ಸೆಂಟಿಗೆ ಇಳಿಯಿತು ಅಂದುಕೊಳ್ಳಿ. ತೂಕ 97 ಆಗುತ್ತದೆ ಅನಿಸುತ್ತದೆ ಅಲ್ವಾ? ಇಲ್ಲ. ಈಗ 87 ಅನ್ನೋದು 90 ಪಾಲು. ಹಾಗಾದರೆ ಒಟ್ಟು 96.67. ಕ್ವಿಂಟಲ್ಲಿಗೆ 3 ಕಿಲೋ 330 ಗ್ರಾಂ ಹೋಯಿತು. ಬರೀ ನೀರು. ಬಾಗಿಲಿಗೆ ಬೀಗ ಇದ್ದಂತೆಯೇ, ಗೋಣಿಯ ಸಂದಿಯಿಂದ.

ಮಗಳು ನಮ್ಮ ಅಂಕಿ ಇಟ್ಟು ಉಲ್ಟಾ ಲೆಕ್ಕ ಮಾಡಿದಳು. 40 ಕ್ವಿಂಟಲ್ಲಿಗೆ 121 ಕಿಲೋ ಅಂದರೆ ಕ್ವಿಂಟಲ್ಲಿಗೆ 3 ಕಿಲೋ ಚಿಲ್ಲರೆ. 13ರಿಂದ ಶುರುವಾಗಿದ್ದರೆ 10.3ಕ್ಕೆ ಬಂದು ನಿಂತಿದೆ. ನಮ್ಮ ಮೇ ತಿಂಗಳಿಗೆ ಅದೇನು ಹೆಚ್ಚಲ್ಲ. ಇಲಿ ತಿಂದದ್ದೂ ಸ್ವಲ್ಪ ಇರಬಹುದು, ಕಾಂಟಾದ ಹೆಚ್ಚುಕಮ್ಮಿಯೂ ಇರಬಹುದು. ಆದರೆ ಕಳ್ಳನಿಗೆ ಅಂತ ಉಳಿಯುವ ಪಾಲು ಏನೂ ಕಾಣಲಿಲ್ಲ.

ಅಪ್ಪ ಪಕ್ಕದ ಮಂಚದ ಮೇಲೆ ಮಲಗಿದ್ದರು. ನಿದ್ದೆ ಹತ್ತಿದೆ ಅಂದುಕೊಂಡಿದ್ದೆ. ಎದ್ದು ಕೂತು ಹಾಳೆ ಕೇಳಿದರು. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಎರಡು ಸಲ ನೋಡಿದರು, ಪಟ್ಟಿ ತಾಳೆ ನೋಡುವ ಹಾಗೆ. ಭಾಗಾಕಾರ ಮಾಡಿದ್ದ ಕಡೆ ಬೆರಳಿಟ್ಟು ಬಾಯಲ್ಲೇ ಗುಣಿಸಿಕೊಂಡರು.

"ಆಗ ಮಿಷನ್ ಇರ್ಲಿಲ್ಲ," ಅಂದರು.

"ಹೌದ್ರಿ ಅಪ್ಪಾ."

"ಎಂಟುನೂರು ಹಿಡದಿದ್ವಿ ಅಲ್ಲಾ?"

"ಹೌದ್ರಿ."

ಹಾಳೆ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. ಕಾಕಾ ತೀರಿಕೊಂಡು ಬಹಳ ವರ್ಷ ಆಯಿತು, ಅದು ನಮಗಿಬ್ಬರಿಗೂ ಗೊತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಅವನ ಮಗ ಈಗ ಎಲ್ಲಿರ್ತಾನ?"

"ಗೊತ್ತಿಲ್ರಿ. ಗಂಜಿನಾಗ ಕೇಳಿದ್ರ ಯಾರರ ಹೇಳ್ತಾರ."

"ಹಂಗಾರ ನಾಳೆ ಕೇಳು."

ನಾಳೆ ಐತ್ವಾರ, ಗಂಜ್ ಬಂದ್ ಇರ್ತದ, ಸೋಮವಾರ ಕೇಳ್ತೀನ್ರಿ ಅಂದೆ.